ರೇಡಿಯೊ ಮಾದರಿ ವಿಮಾನ: ಜೋಡಣೆಯಲ್ಲಿ ತೂಕದ ಹಿಡಿತ

ರೇಡಿಯೊ ಮೂಲಕ ಹಾರಿಸುವ ಮಾದರಿ ವಿಮಾನವನ್ನು ಕಟ್ಟಲು ಹೊರಟ ಯುವಕರು ಸಾಮಾನ್ಯವಾಗಿ ಅದರ ಅಂದಕ್ಕೆ ಹೆಚ್ಚು ಗಮನ ಕೊಡುತ್ತಾರೆ. ಆದರೆ ಸಾವಿರಾರು ರೂಪಾಯಿ ಬೆಲೆಯ ವಿಮಾನ ಮೊದಲ ಹಾರಾಟದಲ್ಲಿಯೇ ನೆಲಕ್ಕೆ ಅಪ್ಪಳಿಸಲು ಬಾಲದ ಭಾರವೇ ಅನೇಕ ಸಲ ಕಾರಣ.

ಬಿಡಿಭಾಗಗಳು ಹೆಚ್ಚಾಗಿ ಬಾಲ್ಸಾ ಮರದವು. ಇದು ನಮ್ಮ ಬೂರುಗದ ಸಂಬಂಧಿ; ಬಹುಪಾಲು ಇಕ್ವೆಡಾರ್ ದೇಶದಿಂದ ಬರುತ್ತದೆ. ಒಂದು ಘನ ಮೀಟರ್ ತೇಗ 600 ಕಿಲೋಗೂ ಮೇಲೆ ತೂಗಿದರೆ ಬಾಲ್ಸಾ ಸುಮಾರು 160 ಕಿಲೋ ಮಾತ್ರ. ಇಷ್ಟು ಹಗುರವಾದ ಮರಕ್ಕೆ ಅಂಟನ್ನು ಧಾರಾಳವಾಗಿ ಬಳಿಯುವುದು ಸರಿಯಲ್ಲ. ಮರಗೆಲಸದ ಬಿಳಿ ಅಂಟನ್ನು ತೆಳುವಾಗಿ ಸವರಿ, ಹೊರಬಂದದ್ದನ್ನು ಒರೆಸಿ, ರಾತ್ರಿಯಿಡೀ ಒಣಗಲು ಬಿಡಬೇಕು. ರೆಕ್ಕೆಯನ್ನು ಕೂಡಿಸುವಾಗ ಎರಡೂ ತುದಿಗಳಿಂದ ಬಾಲದ ಮಧ್ಯಕ್ಕೆ ದಾರ ಹಿಡಿದು ಅಳೆಯಿರಿ. ಎರಡೂ ಅಳತೆ ಒಂದೇ ಇರಬೇಕು. ಥರ್ಮೊಕೋಲ್ ವಿಮಾನವಾದರೆ ಥಿನ್ನರ್ ಬೆರೆತ ಬಣ್ಣವನ್ನಾಗಲಿ ಸಾಮಾನ್ಯ ಶೀಘ್ರ ಅಂಟನ್ನಾಗಲಿ ಬಳಸಕೂಡದು, ಅದು ಕರಗಿಹೋಗುತ್ತದೆ.

ರೆಕ್ಕೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ಇಸ್ತ್ರಿ ಪೆಟ್ಟಿಗೆಯ ಹದವಾದ ಬಿಸಿಯಿಂದ ಅಂಟಿಸುತ್ತಾರೆ. ಬಿಸಿಗೆ ಹಾಳೆ ಕುಗ್ಗುತ್ತದೆ. ಒಂದು ಬದಿಯನ್ನೇ ಪೂರ್ತಿ ಬಿಗಿಸಿದರೆ ರೆಕ್ಕೆ ಸೊಟ್ಟಗಾಗುತ್ತದೆ. ಆದುದರಿಂದ ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಬಿಗಿಸುತ್ತ ಹೋಗಬೇಕು.

ಇನ್ನು ಬಣ್ಣ. ಏತದ ಉದ್ದನೆಯ ತುದಿಗೆ ಕಟ್ಟಿದ ಸಣ್ಣ ಭಾರವೂ ಗಿಡ್ಡ ತುದಿಯ ದೊಡ್ಡ ಭಾರವನ್ನು ಎತ್ತುವುದನ್ನು ಹಿರಿಯರು ಬಲ್ಲರು. ವಿಮಾನದಲ್ಲಿಯೂ ಇದೇ ಲೆಕ್ಕ. ಸಮತೋಲನದ ಬಿಂದುವಿನಿಂದ ಬಾಲ 60 ಸೆಂ.ಮೀ. ಹಿಂದೆ, ಮೂತಿ 15 ಸೆಂ.ಮೀ. ಮುಂದೆ ಇದೆಯೆನ್ನೋಣ. ಬಾಲಕ್ಕೆ 10 ಗ್ರಾಂ ಬಣ್ಣ ಹೆಚ್ಚಾದರೆ ಅದನ್ನು ಸರಿತೂಗಿಸಲು ಮೂತಿಗೆ 40 ಗ್ರಾಂ ಸೀಸ ಇಡಬೇಕು. ಒಟ್ಟು 50 ಗ್ರಾಂ ವೃಥಾ ಭಾರ! ಚಿತ್ತಾರ ಬೇಕೇಬೇಕೆಂದರೆ ರೆಕ್ಕೆಯ ಮೇಲೆ ಬರೆಯಬಹುದು, ಬಾಲವನ್ನು ಹಾಗೆಯೇ ಬಿಡುವುದು ಲೇಸು.

ಬ್ಯಾಟರಿಯೂ ಸೇರಿ ಎಲ್ಲ ಭಾಗಗಳನ್ನು ಕೂರಿಸಿದ ಮೇಲೆ ಸಮತೋಲನ ನೋಡಿರಿ. ನೇರ ರೆಕ್ಕೆಯ ಅಗಲ 20 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 5ರಿಂದ 6.5 ಸೆಂ.ಮೀ. ಹಿಂದೆ ಎರಡೂ ಕಡೆ ಬೆರಳಿಟ್ಟು ಎತ್ತಬೇಕು. ವಿಮಾನ ಮಟ್ಟಸವಾಗಿ ನಿಲ್ಲಬೇಕು, ಇಲ್ಲವೇ ಮೂತಿ ತುಸು ಬಾಗಬೇಕು. ಬಾಲ ಕೆಳಗಿಳಿದರೆ ಹಾರಿಸಕೂಡದು. ಮೊದಲು ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ನೋಡಿ; ಸಾಲದಿದ್ದರೆ ಮಾತ್ರ ಸೀಸ.

ಮೋಟಾರನ್ನು ಮನೆಯಲ್ಲಿ ಪರೀಕ್ಷಿಸುವಾಗ ಪ್ರೊಪೆಲ್ಲರನ್ನು ಬಿಚ್ಚಿಡಿ. ಅದು ಬೆರಳನ್ನು ಕತ್ತರಿಸಬಲ್ಲದು. ಮೊದಲು ಕೈಯಲ್ಲಿರುವ ಟ್ರಾನ್ಸ್‌ಮಿಟರ್, ಆಮೇಲೆ ವಿಮಾನ ಎಂಬ ಕ್ರಮದಲ್ಲಿ ಚಾಲೂ ಮಾಡಬೇಕು. ನಿಲ್ಲಿಸುವಾಗ ಇದರ ವಿರುದ್ಧ ಕ್ರಮ. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು. ತನ್ನೆಡೆಗೆ ಎಳೆದಾಗ ಬಾಲದ ಅಡ್ಡಪಟ್ಟಿ ಮೇಲೇಳಬೇಕು. ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಬಿಟ್ಟುಹೋಗುವುದು ಬೆಂಕಿಗೆ ಆಹ್ವಾನ.

ರಾಗಿ ಕೊಯ್ಲಾದ ಬಯಲು ಹಾರಾಟಕ್ಕೆ ಒಳ್ಳೆಯ ಜಾಗ. ವಿದ್ಯುತ್ ತಂತಿ, ದನಕರು, ಜನರಿಂದ ದೂರವಿರಬೇಕು. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳೆಂದು ವಿಂಗಡಿಸಿವೆ. ನಿಮ್ಮ ಹೊಲ ಹಸಿರು ವಲಯದಲ್ಲಿದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಬೆಳಗಿನ ಹೊತ್ತು, ಗಾಳಿ ಏಳುವ ಮೊದಲು, ಬೀಸುವ ಗಾಳಿಗೆ ಎದುರಾಗಿಯೇ ವಿಮಾನವನ್ನು ಬಿಡಿ.