ಮೊದಲ ಸಲ ಪ್ರತಿಭಟನೆಗೆ ಹೊರಟವರ ಭಯಗಳು: ಯಾವುದು ನಿಜ, ಯಾವುದು ಸುಳ್ಳು

"ನಡಿ, ನಾನೂ ಬತ್ತೀನಿ" ಅಂದಿದ್ದ ಪಕ್ಕದ ಮನೆ ಅಕ್ಕ ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮನಸ್ಸು ಬದಲಾಯಿಸಿದ್ದರು. ಡೈರಿ ಮುಂದೆ ನಾಲ್ಕು ಜನ ನಾಲ್ಕು ಮಾತು ಆಡಿದ್ದರು. "ಪೊಲೀಸ್ನೋರು ವ್ಯಾನ್‌ಗೆ ಹತ್ತಿಸ್ಕೊಂಡ್ರೆ ಕೇಸು ಆಯ್ತದಂತೆ. ಕೇಸಾದ್ರೆ ಮಗೀಗೆ ಪಾಸ್‌ಪೋರ್ಟ್ ಕೊಡಲ್ವಂತೆ, ಗೌರ್ಮೆಂಟ್ ಕೆಲ್ಸ ಸಿಗಲ್ವಂತೆ. ಬ್ಯಾಡ ಕಣವ್ವ."

ಅದು 2024ರ ಮೇ 30. ಆಗ ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದು ತಿಂಗಳಾಗಿತ್ತು. ಅವರು ವಿದೇಶದಲ್ಲಿದ್ದರು. ಅವರನ್ನು ಬಂಧಿಸಬೇಕು, ಸಂತ್ರಸ್ತೆಯರಿಗೆ ರಕ್ಷಣೆ ಕೊಡಬೇಕು ಎಂದು ಮಹಿಳಾ, ದಲಿತ, ರೈತ ಸಂಘಟನೆಗಳು 'ಹಾಸನ ಚಲೋ'ಗೆ ಕರೆ ಕೊಟ್ಟಿದ್ದವು. ಜಿನನಾಥಪುರದಿಂದ ಶ್ರವಣಬೆಳಗೊಳದ ಬಸ್ ಸ್ಟ್ಯಾಂಡಿಗೆ ಹೋಗಿ, ಚನ್ನರಾಯಪಟ್ಟಣದ ಮೇಲೆ ಹಾಸನ ಸೇರುವುದು ದೊಡ್ಡ ಮಾತಲ್ಲ. ಮನೆಯ ಹೊಸ್ತಿಲು ದಾಟುವುದೇ ದೊಡ್ಡದಾಗಿತ್ತು. ಅಕ್ಕ ಅವತ್ತು ಬರಲಿಲ್ಲ. ಅವರನ್ನು ತಡೆದದ್ದು ಪೊಲೀಸರಲ್ಲ, ಡೈರಿ ಮುಂದಿನ ಅರ್ಧ ತಿಳಿದ ಮಾತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವ್ಯಾನಿನ ವಿಷಯ. ವ್ಯಾನ್ ಹತ್ತಿಸಿದರು ಅಂದರೆ ಕೇಸು ಬಿತ್ತು ಅಂತಲ್ಲ. ಪ್ರತಿಭಟನೆಯಲ್ಲಿ ಪೊಲೀಸರು ಸಾಮಾನ್ಯವಾಗಿ ಮಾಡುವುದು ವಶಕ್ಕೆ ಪಡೆಯುವುದು. ಬಸ್ಸಿಗೆ ಹತ್ತಿಸಿ, ಎಲ್ಲಾದರೂ ಮೈದಾನದಲ್ಲೋ ಕಲ್ಯಾಣ ಮಂಟಪದಲ್ಲೋ ಕೂರಿಸಿ, ಹೆಸರು ವಿಳಾಸ ಬರೆದುಕೊಂಡು ಸಂಜೆ ಬಿಡುತ್ತಾರೆ. ಮುನ್ನೆಚ್ಚರಿಕೆಗೆಂದು ಹೀಗೆ ಹಿಡಿದಿಟ್ಟರೆ, ಬೇರೆ ಕಾನೂನಿನ ಆಧಾರ ಇಲ್ಲದ ಹೊರತು 24 ಗಂಟೆ ಮೀರುವಂತಿಲ್ಲ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೂ ಮಹಿಳಾ ಅಧಿಕಾರಿಯೇ ಬಂದು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಇದನ್ನು ಯಾವಾಗಲೂ ಪಾಲಿಸುತ್ತಾರೆಂದು ನಾನು ಹೇಳಲಾರೆ. ಆದರೆ ಕೇಳುವ ಹಕ್ಕು ನಿಮ್ಮದು, ಕೇಳಿ.

ಎಫ್‌ಐಆರ್ ಆದರೂ ಅದು ಶಿಕ್ಷೆಯಲ್ಲ. ಪಾಸ್‌ಪೋರ್ಟ್ ಕಾಯ್ದೆ ನೋಡುವುದು ಅರ್ಜಿದಾರರ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ಬಾಕಿ ಇದೆಯೇ ಎಂದು. ಬರೀ ಎಫ್‌ಐಆರ್ ಇದ್ದು, ಕೋರ್ಟು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳದಿದ್ದರೆ ಅದು ಬಾಕಿ ಮೊಕದ್ದಮೆಯಲ್ಲ. ಬಾಕಿ ಇದ್ದರೂ ಆ ಕೋರ್ಟಿನ ಅನುಮತಿ ತಂದು ಪಾಸ್‌ಪೋರ್ಟ್ ಪಡೆಯಲು 1993ರ ಅಧಿಸೂಚನೆಯಲ್ಲಿ ದಾರಿ ಇದೆ. ತಾಯಿ ಘೋಷಣೆ ಕೂಗಿದ್ದಕ್ಕೆ ಮಗನ ಪಾಸ್‌ಪೋರ್ಟ್ ನಿಲ್ಲಿಸುವ ಕಾನೂನು ಇಲ್ಲವೇ ಇಲ್ಲ.

ಕೆಲಸದ ವಿಷಯದಲ್ಲಿ ಅಪಾಯ ಇರುವುದು ಕೇಸಿಗಿಂತ ಹೆಚ್ಚಾಗಿ ಮುಚ್ಚಿಡುವುದರಲ್ಲಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರವಾಗಿ ಹೇಳಿತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಆ ತಪ್ಪನ್ನು ಉದ್ಯೋಗ ಕೊಡುವವರು ತಮ್ಮ ವಿವೇಚನೆಯಿಂದ ಕಡೆಗಣಿಸಬಹುದು ಎಂದು ಉದಾಹರಣೆಯನ್ನೇ ಕೊಟ್ಟಿತು. ಆದರೂ ಅರ್ಜಿಯಲ್ಲಿ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಆದರೆ ಈಗಾಗಲೇ ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ನಡತೆ ನಿಯಮಗಳು ಅನ್ವಯಿಸುತ್ತವೆ, ರಾಜಕೀಯ ಪ್ರತಿಭಟನೆಗೆ ಹೋದರೆ ಶಿಸ್ತುಕ್ರಮ ಆಗಬಹುದು. ಅವರ ಭಯ ಸುಳ್ಳಲ್ಲ.

"ಪರ್ಮಿಷನ್ ಇಲ್ದೆ ಸೇರೋದೇ ಅಪರಾಧ" ಎನ್ನುವವರು ಬಹಳ. ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಬೀದಿಯ ಸಭೆಗಳಿಗೆ ಪೊಲೀಸರು ಕಟ್ಟುಪಾಡು ಹಾಕಬಹುದು, ಮನಸ್ಸಿಗೆ ಬಂದಂತೆ ನಿಷೇಧಿಸುವಂತಿಲ್ಲ. ಜಾಗ, ಹೊತ್ತು, ದಾರಿಯ ಬಗ್ಗೆ ಠಾಣೆಗೆ ಅರ್ಜಿ ಕೊಡುವುದು ಸಂಘಟಕರ ಕೆಲಸ. ನೀವು ಅವರನ್ನು ಒಂದು ಮಾತು ಕೇಳಿಕೊಂಡು ಹೊರಡಿ. ಆದರೆ ಜನರು ಈಗಲೂ 144 ಎಂದೇ ಕರೆಯುವ ನಿಷೇಧಾಜ್ಞೆ (2024ರ ಜುಲೈ 1ರಿಂದ ಅದು 163ನೇ ಕಲಂ) ಜಾರಿಯಲ್ಲಿದ್ದರೆ ಮಾತು ಬೇರೆ, ಆಗ ಗುಂಪು ಸೇರುವುದೇ ಉಲ್ಲಂಘನೆಯಾಗಬಹುದು.

ಇನ್ನೊಂದು ತಪ್ಪು ಕಲ್ಪನೆ ಇದಕ್ಕೆ ಉಲ್ಟಾ. ಅದು ನನಗೇ ಇತ್ತು: "ನಾನು ಸುಮ್ನೆ ನಿಂತಿದ್ರೆ ನನಗೇನೂ ಆಗಲ್ಲ." ಕಾಲೇಜಿನ ದಿನಗಳಲ್ಲಿ ಒಂದು ಕಚೇರಿಯ ಮುಂದೆ ಧರಣಿ ಕೂತಿದ್ದೆವು. ಮಧ್ಯಾಹ್ನದ ಮೇಲೆ ಹಿಂದಿನಿಂದ ಒಂದು ಕಲ್ಲು ಹಾರಿ ಕಿಟಕಿಗೆ ಬಿತ್ತು. ಗಾಜು ಮೊದಲು ಬಿರಿದು, ಆಮೇಲೆ ನಿಧಾನವಾಗಿ ಚೂರು ಚೂರಾಗಿ ಕಳಚಿ ಬಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತೆ. ಹಿರಿಯ ಕಾರ್ಯಕರ್ತೆಯೊಬ್ಬರು ನನ್ನ ರಟ್ಟೆ ಹಿಡಿದು ಎಳೆದರು. "ಏನ್ ಸಿನಿಮಾ ನೋಡ್ತಿದ್ದೀಯಾ? ನಡಿ ಆಚೆ!" ಅವರು ಎಳೆದದ್ದು ಯಾಕೆಂದು ತಿಳಿದದ್ದು ಬಹಳ ವರ್ಷದ ಮೇಲೆ. ಐದು ಅಥವಾ ಹೆಚ್ಚು ಜನರ ಗುಂಪು ಅಪರಾಧದ ಉದ್ದೇಶಕ್ಕೆ ತಿರುಗಿದರೆ ಅದು ಅಕ್ರಮ ಕೂಟ. ಅದು ಗೊತ್ತಿದ್ದೂ ಅದರಲ್ಲಿ ಉಳಿದವರೂ ಹೊಣೆಗಾರರು. ಅಂಥ ಕೂಟಕ್ಕೆ ಚದುರಿ ಎಂದು ಆದೇಶ ಕೊಟ್ಟದ್ದು ಗೊತ್ತಿದ್ದೂ ಅಲ್ಲೇ ಉಳಿದರೆ ಎರಡು ವರ್ಷದವರೆಗೆ ಜೈಲು. ಆದ್ದರಿಂದ ಕಲ್ಲು ಕಂಡ ಕೂಡಲೇ ಜಾಗ ಬಿಡಿ. ಧ್ವನಿವರ್ಧಕದಲ್ಲಿ ಪೊಲೀಸರು ಏನು ಕೂಗುತ್ತಿದ್ದಾರೆ ಎಂಬುದಕ್ಕೆ ಕಿವಿ ಕೊಡಿ.

ಕೊನೆಯದು, ನನಗೆ ಹೆಚ್ಚು ನೋವು ಕೊಡುವ ಮಾತು: "ಹೋದ್ರೆ ಏನಾಯ್ತದೆ?" ಹಾಸನದಲ್ಲಿ ಅವತ್ತು ಸಾವಿರಾರು ಜನ ನಡೆದರು. ಅದೇ ರಾತ್ರಿ ಪ್ರಜ್ವಲ್ ಬೆಂಗಳೂರಿಗೆ ಬಂದಿಳಿದು ಬಂಧನವಾದರು. ಜಾಥಾದಿಂದಲೇ ಬಂದರು ಎಂದು ನಾನು ಹೇಳುವುದಿಲ್ಲ, ಬರುತ್ತೇನೆಂದು ಮೊದಲೇ ವಿಡಿಯೋದಲ್ಲಿ ಹೇಳಿದ್ದರು. ಒಂದು ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2025ರ ಆಗಸ್ಟ್ 2ರಂದು, ಸಾಕ್ಷ್ಯದ ಮೇಲೆ. ಆದರೆ ದೂರು ಕೊಟ್ಟ ಹೆಂಗಸರಿಗೆ ತಾವು ಒಂಟಿಯಲ್ಲ ಎಂದು ಬೀದಿಯಲ್ಲಿ ನಿಂತು ಹೇಳುವವರು ಬೇಕಿತ್ತು. ಅವತ್ತಿನ ಕೆಲಸ ಅದು.

ಒಂದೇ ದಿನಕ್ಕೆ ಫಲ ಕಾಣಬೇಕೆನ್ನುವವರು ಇನ್ನೊಂದು ಚನ್ನರಾಯಪಟ್ಟಣದ ಕಡೆ ನೋಡಬೇಕು. ನಮ್ಮ ತಾಲ್ಲೂಕಲ್ಲ, ದೇವನಹಳ್ಳಿ ತಾಲ್ಲೂಕಿನ ಹೋಬಳಿ ಅದು. ಅಲ್ಲಿನ 13 ಹಳ್ಳಿಗಳ 1,777 ಎಕರೆ ಜಮೀನಿಗಾಗಿ ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತರು. 2025ರ ಜೂನ್ 25ರಂದು ಪೊಲೀಸರು ಅವರನ್ನು ವಶಕ್ಕೂ ಪಡೆದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಘೋಷಿಸಿದರು. ಲೆಕ್ಕ ಹಾಕಿದರೆ 1,198 ದಿನ.

ಅಕ್ಕನಿಗೆ ಇದನ್ನೆಲ್ಲ ಹೇಳಿ, ಮನೆಯವರ ಫೋನ್ ನಂಬರನ್ನು ಬಾಲ್ ಪೆನ್ನಿನಲ್ಲಿ ಕೈಮೇಲೆ ಬರೆದುಕೊಳ್ಳುವುದನ್ನೂ ತೋರಿಸಿದೆ. ಅಂಗೈಯಲ್ಲಿ ಬೇಡ, ಬೆವರಿಗೆ ಅಳಿಸುತ್ತದೆ. ಮೊಣಕೈಗಿಂತ ಕೆಳಗೆ, ಒಳಬದಿಯಲ್ಲಿ. ಅವರು ತೋಳು ಚಾಚಿ, "ಬರಿ ಮತ್ತೆ, ಹೆಂಗ್ ಕಾಣ್ತದೆ ನೋಡಾನ" ಅಂದರು.