ಎರಡು ಚಿಟಿಕೆ ಪ್ರೋಟೀನು, ಎಂಬತ್ತೈದು ಲಕ್ಷ ದನ

ಬೆಳಗಿನ ಹೊತ್ತು ಬಳ್ಳಾರಿಯ ಸತ್ಯನಾರಾಯಣಪೇಟೆಯ ಬೀದಿಯಲ್ಲಿ ನಿಂತ ಹಸುವಿನ ಮೂತಿಯನ್ನು ಹತ್ತಿರದಿಂದ ನೋಡಿ. ಆರೋಗ್ಯವಾಗಿದ್ದರೆ ಮೂತಿಯ ಮೇಲೆ ಮಣಿಮಣಿ ಬೆವರಿರುತ್ತದೆ. ಐಬಿಆರ್ ಎಂಬ ವೈರಸ್ ರೋಗ ತಗಲಿದರೆ ಅದೇ ಮೂತಿ ಕೆಂಪೇರುತ್ತದೆ, ಸಿಂಬಳ ಸುರಿಯುತ್ತದೆ, ಕೆಮ್ಮು, ಜ್ವರ. ಗಬ್ಬದ ಹಸು ಕಂದು ಹಾಕುವುದೂ ಉಂಟು. ಒಂದೆರಡು ವಾರಕ್ಕೆ ಹಸುವೇನೋ ಚೇತರಿಸಿಕೊಳ್ಳುತ್ತದೆ. ವೈರಸ್ ಹೋಗುವುದಿಲ್ಲ. ಮುಖದ ನರದ ಗಂಟಿನಲ್ಲಿ ಜೀವಮಾನವಿಡೀ ಅಡಗಿ ಕೂತು, ಹಸು ದಣಿದಾಗ ಮತ್ತೆ ಏಳುತ್ತದೆ.

ಈ ವೈರಸ್ಸಿನ ಗಾತ್ರ ಎಷ್ಟು ಗೊತ್ತೆ? ಒಂದು ಕೂದಲಿನ ದಪ್ಪದಲ್ಲಿ ಸುಮಾರು 400 ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಬಹುದು. ಒಳಗಿರುವ ಡಿಎನ್‌ಎ ಎಳೆಯಲ್ಲಿ ಸುಮಾರು 1,35,000 ಅಕ್ಷರ. ಆ ಎಳೆಯನ್ನು ಬಿಡಿಸಿ ಎಳೆದರೆ ವೈರಸ್ಸಿನ ಅಗಲಕ್ಕಿಂತ 200 ಪಟ್ಟಿಗೂ ಹೆಚ್ಚು ಉದ್ದ. ಒಂದು ಮೀಟರ್ ಅಗಲದ ಗುಡಾಣದಲ್ಲಿ 200 ಮೀಟರ್ ಹಗ್ಗ ತುರುಕಿದ ಹಾಗೆ.

ಅಷ್ಟರಲ್ಲಿ ರೋಗ ಪತ್ತೆ ಹಚ್ಚಲು ಸುಮಾರು 1,700 ಅಕ್ಷರ ಸಾಕು. ಅವು ವೈರಸ್ಸಿನ ಮೈಮೇಲಿನ ‘ಜಿಇ’ ಎಂಬ ಪ್ರೋಟೀನಿನ ಬರಹ. ಆ ಬರಹವನ್ನೋ ಅದರ ತುಣುಕನ್ನೋ ನಿರಪಾಯಕಾರಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ವೈರಸ್ಸಿಲ್ಲದೆಯೇ ವೈರಸ್ಸಿನ ಪ್ರೋಟೀನು ತಯಾರಿಸುತ್ತದೆ. ಇದೇ ರೀಕಾಂಬಿನೆಂಟ್ ಪ್ರೋಟೀನ್. ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ ಹತ್ತು ಗಂಟೆಯಲ್ಲಿ ಒಂದು ಹೋಗಿ 107 ಕೋಟಿ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವ ನಮಗೆ ಇದು ಹೊಸ ಮಾಯೆಯೇನಲ್ಲ.

ನನ್ನನ್ನು ಬೆರಗಾಗಿಸಿದ್ದು ಮುಂದಿನ ಲೆಕ್ಕ. ರಕ್ತದಲ್ಲಿನ ಪ್ರತಿಕಾಯ ಪತ್ತೆ ಹಚ್ಚುವ ಎಲಿಸಾ ಪರೀಕ್ಷೆಯ ತಟ್ಟೆಯಲ್ಲಿ 96 ಪುಟ್ಟ ಗುಂಡಿಗಳು, ಒಂದೊಂದಕ್ಕೂ ಹಿಡಿಯುವುದು ಕೆಲವೇ ಹನಿ. ಗುಂಡಿಯ ತಳಕ್ಕೆ 100 ನ್ಯಾನೊಗ್ರಾಂ ಪ್ರೋಟೀನು ಬಳಿದರೆ ಅದರಲ್ಲಿ ಸುಮಾರು ಒಂದು ಲಕ್ಷ ಕೋಟಿ ಅಣುಗಳು. ಹಾಗೆ ಬಳಿಯುತ್ತ ಹೋದರೆ ಒಂದು ಗ್ರಾಂ, ಎಂದರೆ ಎರಡು ಚಿಟಿಕೆ ಉಪ್ಪಿನಷ್ಟು ಪ್ರೋಟೀನು, ಒಂದು ಕೋಟಿ ಗುಂಡಿಗೆ ಸಾಲುತ್ತದೆ. 2019ರ ಗಣತಿಯ ಪ್ರಕಾರ ಕರ್ನಾಟಕದ ದನಗಳು ಸುಮಾರು 85 ಲಕ್ಷ. ತಲೆಗೊಂದು ಗುಂಡಿ ಕೊಟ್ಟರೂ ಮಿಗುತ್ತದೆ!

ರೋಗ ತಗಲಿದ ಹಸುವಿನ ಸೀರಮ್ಮಿನ ಒಂದೇ ಹನಿಯಲ್ಲಿ ಪ್ರತಿಕಾಯಗಳು ಸುಮಾರು 40 ಕೋಟಿ ಕೋಟಿ. ಈ ವೈರಸ್ಸಿನ ಗುರುತು ಹಿಡಿಯುವವು ಅದರಲ್ಲಿ ಅತ್ಯಲ್ಪ ಪಾಲು. ಆದರೂ ಅವು ಹುಡುಕಿ ಬಂದು ತಳಕ್ಕೆ ಅಂಟಿಕೊಳ್ಳುತ್ತವೆ; ಉಳಿದವು ತೊಳೆದು ಹೋಗುತ್ತವೆ. ಬಣ್ಣ ಬರಿಸುವ ದ್ರಾವಣಗಳನ್ನು ಹಾಕಿದರೆ ಕೆಲವೇ ನಿಮಿಷದಲ್ಲಿ ಗುಂಡಿ ನೀಲಿಯಾಗುತ್ತದೆ.

ಈ ನೀಲಿಯ ಮಹತ್ವ ಹೋರಿಯ ವಿಷಯದಲ್ಲಿ ಇನ್ನೂ ದೊಡ್ಡದು. ಐಬಿಆರ್ ವೈರಸ್ ವೀರ್ಯದಲ್ಲೂ ಬರುತ್ತದೆ, ಮೈನಸ್ 196 ಡಿಗ್ರಿಯ ನೈಟ್ರೋಜನ್ನಿನಲ್ಲೂ ಸಾಯುವುದಿಲ್ಲ. ಒಂದು ಹೋರಿಯಿಂದ ವರ್ಷಕ್ಕೆ ಸಾವಿರಾರು ಸ್ಟ್ರಾ, ಎಂದರೆ ವೀರ್ಯ ತುಂಬಿದ ನಳಿಕೆ. ಹೆಸರಘಟ್ಟದಂಥ ವೀರ್ಯ ಕೇಂದ್ರದಿಂದ ಹೊರಟ ಸ್ಟ್ರಾ ಯಾವ ಊರಿನ ಹಟ್ಟಿಗೆ ಹೋಗುತ್ತದೋ ಹೇಳುವವರಾರು? ಸಿರುಗುಪ್ಪದ್ದಿರಬಹುದು, ಕುರುಗೋಡಿನದಿರಬಹುದು. ಅದಕ್ಕೇ ಹೋರಿಗಳಿಗೆ ಐಬಿಆರ್ ಪರೀಕ್ಷೆ ಇದೆ. ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ‘ನಿವೇದಿ’ ಈ ರೋಗಕ್ಕೆ ನಮ್ಮದೇ ಎಲಿಸಾ ಕಿಟ್ಟನ್ನು ರೂಪಿಸಿದೆ.

ಜಿಇಯ ಚೆಲುವು ಇನ್ನೊಂದಿದೆ. ಆ 1,700 ಅಕ್ಷರ ಕತ್ತರಿಸಿ ತೆಗೆದರೂ ವೈರಸ್ ಬೆಳೆಯುತ್ತದೆ. ಹಾಗೆ ಕತ್ತರಿಸಿದ ವೈರಸ್ಸಿನಿಂದ ಲಸಿಕೆ ಮಾಡಿದರೆ, ಲಸಿಕೆ ಪಡೆದ ಹಸುವಿನ ರಕ್ತದಲ್ಲಿ ಜಿಇ ಪ್ರತಿಕಾಯ ಹುಟ್ಟುವುದೇ ಇಲ್ಲ. ರೋಗ ತಗಲಿದ ಹಸುವಿನ ಗುಂಡಿ ನೀಲಿ, ಲಸಿಕೆಯ ಹಸುವಿನದು ತಿಳಿನೀರು. ಲಸಿಕೆಯನ್ನೂ ಪರೀಕ್ಷೆಯನ್ನೂ ಹೀಗೆ ಜೋಡಿಸಿಕೊಂಡು ಹಟ್ಟಿಹಟ್ಟಿ ಸೋಸಿದ ಜರ್ಮನಿ 2017ರಲ್ಲಿ ಇಡೀ ದೇಶದಿಂದ ಈ ರೋಗವನ್ನು ಹೊರಗಟ್ಟಿತು.