ಬೆರೆತ ನಾದವನ್ನು ಬೇರ್ಪಡಿಸುವ ಬಗೆ

ಹಳೆಯ ರಾಕ್ ಸಂಗೀತದ ಹಾಡುಗಳನ್ನು ಮೂಲ ಟೇಪುಗಳಿಂದ ಮತ್ತೊಮ್ಮೆ ಬೆರೆಸಿ ಹೊರತರುವ ಪದ್ಧತಿ ಪಶ್ಚಿಮ ದೇಶಗಳಲ್ಲಿ ಈಚೆಗೆ ಬೆಳೆದಿದೆ. ಇದರ ತತ್ತ್ವವೇನು, ನಮ್ಮ ಹಾವೇರಿ ಸೀಮೆಗೆ ಸಂಬಂಧಿಸಿದ ಧ್ವನಿಮುದ್ರಿಕೆಗಳಿಗೆ ಅದು ಎಷ್ಟರಮಟ್ಟಿಗೆ ಸಲ್ಲುವುದು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಟೇಪಿನ ಅಗಲವನ್ನು ಹಲವು ಪಥಗಳಾಗಿ ವಿಭಾಗಿಸಿ, ಗಾಯನವನ್ನು ಒಂದರಲ್ಲಿ, ವಾದ್ಯಗಳನ್ನು ಉಳಿದವುಗಳಲ್ಲಿ ದಾಖಲಿಸುವುದೇ ಬಹುಪಥ ಮುದ್ರಣ. ಬ್ಯಾಡಗಿಯ ಮನೆಗಳಲ್ಲಿ ರಂಜಕ ಅರೆಯುವ ಮುನ್ನ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪುಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿರುವಂತೆ. ಅಲ್ಲಿಯವರೆಗೆ ಪ್ರಮಾಣವನ್ನು ಬದಲಿಸಬಹುದು. ಅರೆದ ಮೇಲೆ ಬೆಳ್ಳುಳ್ಳಿಯನ್ನು ಹಿಂದಕ್ಕೆ ಪಡೆಯಲಾಗದು.

ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' (1967) ನಾಲ್ಕು ಪಥಗಳ ಯಂತ್ರಗಳಲ್ಲಿ ಸಿದ್ಧವಾದುದು. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ, ಇನ್ನೊಂದು ಟೇಪಿನ ಒಂದೆರಡು ಪಥಗಳಿಗೆ ಇಳಿಸುತ್ತಿದ್ದರು. ನಕಲಿನಿಂದ ನಕಲಿಗೆ ನಾದ ಮಂಕಾಗುತ್ತಿತ್ತು. ಮೊದಲಿನ ಟೇಪುಗಳು ಉಳಿದಿದ್ದುದರಿಂದ 2017ರಲ್ಲಿ ಜೈಲ್ಸ್ ಮಾರ್ಟಿನ್ ಅವುಗಳಿಗೇ ಹಿಂದಿರುಗಿ ಹೊಸ ಮಿಶ್ರಣವನ್ನು ಮಾಡಿದರು. 'ರಿವಾಲ್ವರ್' (1966) ಎಂಬುದರ ತೊಡಕು ಬೇರೆ. ಅದರ 'ಟ್ಯಾಕ್ಸ್‌ಮನ್' ಹಾಡಿನಲ್ಲಿ ಗಿಟಾರು, ಬೇಸು, ಡ್ರಮ್ಮು ಒಂದೇ ಪಥದಲ್ಲಿದ್ದವು. ವಾದ್ಯವಾದ್ಯದ ನಾದಲಕ್ಷಣವನ್ನು ಕಲಿತು ಬಿಡಿಸಬಲ್ಲ ಗಣಕವಿಧಾನವೊಂದನ್ನು ಪೀಟರ್ ಜಾಕ್ಸನ್ನರ ಬಳಗ ರೂಪಿಸಿತು. ಅದರ ನೆರವಿನ ಮಿಶ್ರಣ 2022ರಲ್ಲಿ ಪ್ರಕಟವಾಯಿತು. ಅರೆದ ರಂಜಕದಿಂದ ಬೆಳ್ಳುಳ್ಳಿ ಮರಳಿ ದೊರೆತಂತಾಯಿತು.

ಧಾರವಾಡದಲ್ಲಿ ಹುಟ್ಟಿದರೂ ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ಹೊತ್ತ ಗಂಗೂಬಾಯಿಯವರು (1913–2009) 1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಗೆ ಹಾಡಿದ ತಟ್ಟೆಗಳಿವೆ. ಅಲ್ಲಿ ಟೇಪೂ ಇಲ್ಲ, ಪಥವೂ ಇಲ್ಲ. ಕಂಠ, ಹಾರ್ಮೋನಿಯಂ, ತಬಲಾ ಒಂದೇ ಗೀರಿನಲ್ಲಿ. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಗಂಟಲಿನ ಚಿಕಿತ್ಸೆಯ ಬಳಿಕ ಅವರ ಕಂಠ ಗಂಡುದನಿಯಂತೆ ಗಂಭೀರವಾಯಿತೆಂಬುದು ಪ್ರಸಿದ್ಧ. ಮುಂಚಿನ ತೆಳುವಾದ ಏರುಕಂಠಕ್ಕೆ ಈ ತಟ್ಟೆಗಳೇ ಸಾಕ್ಷಿ.

ಆದುದರಿಂದ ಇಲ್ಲಿ ಅವಸರ ಸಲ್ಲದು. ಗಣಕವು ಬೇರ್ಪಡಿಸಿ ಕೊಡುವುದು ಒಂದು ಊಹೆ. ಎಷ್ಟೇ ಸಮೀಪದ್ದಾದರೂ ಊಹೆಯೇ. ಮೀಂಡಿನ ಕೊನೆಯ ಎಳೆಯನ್ನು ಅದು ಕರಕರ ಸದ್ದೆಂದು ತೆಗೆದೆಸೆಯಬಹುದು. ವೇಗದ ವಿಚಾರವಂತೂ ಇನ್ನೂ ಸೂಕ್ಷ್ಮ. ನಿಮಿಷಕ್ಕೆ 78 ಸುತ್ತಿನ ತಟ್ಟೆಯನ್ನು 80ರಲ್ಲಿ ತಿರುಗಿಸಿದರೆ ಶ್ರುತಿ ಅರ್ಧಸ್ವರದ ಅರ್ಧದಷ್ಟು ಏರುತ್ತದೆ. ಕಂಠ ಎಷ್ಟು ಎತ್ತರದ್ದಿತ್ತೆಂಬುದೇ ಪ್ರಶ್ನೆಯಾಗಿರುವಾಗ ಇದು ಅಲ್ಪದೋಷವಲ್ಲ. ತಕ್ಕ ಅಗಲದ ಮುಳ್ಳಿನಿಂದ, ಏನನ್ನೂ ತಿದ್ದದೆ ಮೊದಲ ಪ್ರತಿಯನ್ನು ತೆಗೆದಿರಿಸಿ, ಅನಂತರ ನಕಲಿನ ಮೇಲೆ ಪ್ರಯೋಗ ನಡೆಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಹಾವೇರಿ, ರಾಣೇಬೆನ್ನೂರುಗಳ ಅಟ್ಟಗಳ ಮೇಲೆ ಇಂತಹ ತಟ್ಟೆಗಳು ಸಿಕ್ಕರೆ ಅವನ್ನು ಸ್ಪಿರಿಟ್ಟಿನಿಂದ ಒರೆಸಲಾಗದು. ಅವು ಅರಗಿನಿಂದಾದವು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ.